32 ಬಿಟ್ ನೆಟ್‌ಬುಕ್‌ಗೆ ಇನ್ನು ಗತಿ ಯಾವುದು?

ಸಾಗರದ ಹುಡುಗ
ಅಪ್ಪನ ಹತ್ತಿರ 2009ರಲ್ಲಿ ಕೊಂಡ ಪುಟ್ಟ ನೆಟ್‌ಬುಕ್ ಇದೆ. ಆಟಂ ಎನ್270 ಪ್ರೊಸೆಸರ್, 1 ಜಿಬಿ ರ‍್ಯಾಮ್. ತಾಳಮದ್ದಳೆ ಕೇಳಿ ಬಂದ ಮೇಲೆ ಟಿಪ್ಪಣಿ ಟೈಪ್ ಮಾಡೋದು ಅದರಲ್ಲೇ. ಡೆಬಿಯನ್ ಲಿನಕ್ಸಿನ 11ನೇ ಆವೃತ್ತಿ ಇತ್ತು, ಮೊನ್ನೆ 13 ಹಾಕೋಣ ಅಂತ ಪೆನ್‌ಡ್ರೈವ್ ಚುಚ್ಚಿದೆ. "ಈ ಕರ್ನಲ್‌ಗೆ ಎಕ್ಸ್86-64 ಸಿಪಿಯು ಬೇಕು, ಕಂಡದ್ದು ಐ686 ಮಾತ್ರ" ಅಂತ ಇಂಗ್ಲಿಷಿನಲ್ಲಿ ಬರೆದು ಸುಮ್ಮನಾಯಿತು. ಅಂದರೆ ಹೊಸ ಡೆಬಿಯನ್ನಿನ ತಿರುಳಿಗೆ (ಕರ್ನಲ್) 64 ಬಿಟ್ ಚಿಪ್ಪು ಬೇಕು, ಇದು 32 ಬಿಟ್. 32 ಬಿಟ್ ಇನ್‌ಸ್ಟಾಲರ್ ಹುಡುಕಿದರೆ ಎಲ್ಲೂ ಇಲ್ಲ. ಹೊಸದು ಕೊಡಿಸ್ತೀನಿ ಅಂದರೆ ಅಪ್ಪ ಒಪ್ಪಲ್ಲ, ಈ ಕೀಲಿಮಣೆಗೆ ಕೈ ಕೂತಿದೆ ಅಂತಾರೆ. ಏನು ಮಾಡಲಿ?

ಪೆಂಗ್ವಿನ್ ಪ್ರಿಯ
ಎಷ್ಟು ಹುಡುಕಿದರೂ ಸಿಗಲ್ಲ. 2025ರ ಆಗಸ್ಟ್‌ನಲ್ಲಿ ಬಂದ 13ರಲ್ಲಿ ಐ386ಗೆ, ಅಂದರೆ ನಿಮ್ಮದರಂಥ 32 ಬಿಟ್ ಪಿಸಿಗಳಿಗೆ, ಕರ್ನಲ್ಲೂ ಇಲ್ಲ, ಇನ್‌ಸ್ಟಾಲರೂ ಇಲ್ಲ. ಉಳಿಸಿಕೊಂಡಿರುವ 32 ಬಿಟ್ ಪ್ಯಾಕೇಜುಗಳು 64 ಬಿಟ್ ಮೆಷಿನ್ನಿನಲ್ಲಿ ಹಳೇ ಪ್ರೋಗ್ರಾಂ ಓಡಿಸುವವರಿಗೆ. ನೀವು 12 ಹಾಕಿಕೊಳ್ಳಿ, ಅದರ ದೀರ್ಘಾವಧಿ ಬೆಂಬಲ 2028ರ ಜೂನ್‌ವರೆಗೆ. ಆಮೇಲೆ ಆ ಯಂತ್ರಕ್ಕೆ ಕೈಮುಗಿದುಬಿಡಿ.

ಹುಬ್ಬಳ್ಳಿ ಬೈಟ್
ಭಾಳ ಛಲೋ ಆತ್ ಬಿಡ್ರಿ. ಹಳೇ ಡಬ್ಬಿ ಇದ್ರ ಲಿನಕ್ಸ್ ಹಾಕ್ರಿ ಅಂತ ಊರೂರಿಗೆ ಡಂಗುರ ಸಾರಿದವ್ರು ನಾವ. ವಿಂಡೋಸ್ 11ಕ್ಕ ಟಿಪಿಎಂ 2.0 ಅನ್ನೂ ಸುರಕ್ಷತಾ ಚಿಪ್ಪು ಬೇಕು ಅಂದಾಗ ಬಾಯಿ ಬಡ್ಕೊಂಡ್ವಿ. ಈಗ ನಮ್ಮ ಮಂದಿನ ಅದನ್ನ ಮಾಡಿದ್ರ ಸುಮ್ನ ಕೂಡಬೇಕೇನು?

ಪೆಂಗ್ವಿನ್ ಪ್ರಿಯ
ಎರಡೂ ಒಂದೇ ಅಲ್ಲ ರೀ. ಅಲ್ಲಿ ಓಡಬಲ್ಲ ಯಂತ್ರವನ್ನೂ ನಿಯಮ ಹಾಕಿ ಹೊರಗಿಟ್ಟರು. ಇಲ್ಲಿ ಕೆಲಸ ಮಾಡುವವರೇ ಇಲ್ಲ. ದೊಡ್ಡ ಬ್ರೌಸರ್ ಒಂದನ್ನು ಕಂಪೈಲ್ ಮಾಡುವಾಗ 32 ಬಿಟ್ ಪ್ರೋಗ್ರಾಂ ನೋಡಬಲ್ಲ 4 ಜಿಬಿ ಜಾಗವೇ ಸಾಲದೆ ಒದ್ದಾಡುತ್ತೆ. ಕ್ರೋಮ್ 32 ಬಿಟ್ ಲಿನಕ್ಸ್ ಬಿಟ್ಟಿದ್ದು 2016ರಲ್ಲಿ, ಡೆಬಿಯನ್ನಿನಂತೆ ಲಿನಕ್ಸ್ ಹಂಚುವ ಡಿಸ್ಟ್ರೋಗಳಾದ ಆರ್ಚ್ 2017ರಲ್ಲಿ, ಫೆಡೋರಾ 2019ರಲ್ಲಿ. ನೋಡಿದರೆ ಡೆಬಿಯನ್ನೇ ಹೆಚ್ಚು ದಿನ ತಾಳಿಕೊಂಡಿತು. ಇನ್ನೊಂದು, "ಲಿನಕ್ಸ್ ಕೈಬಿಟ್ಟಿತು" ಅನ್ನಬೇಡಿ. ಕರ್ನಲ್‌ನವರು 386 ಚಿಪ್ಪನ್ನು ತೆಗೆದದ್ದು 2013ರ 3.8ರಲ್ಲಿ. ಆಟಂನಂಥವಕ್ಕೆ ಬೇಕಾದ ಕೋಡ್ ಇನ್ನೂ ಅದರಲ್ಲಿದೆ. ಕಟ್ಟಿ, ಪರೀಕ್ಷೆ ಮಾಡಿ ಕೊಡುವ ಡಿಸ್ಟ್ರೋ ಕಡಿಮೆಯಾಗಿದೆ, ಅಷ್ಟೇ.

ಹುಬ್ಬಳ್ಳಿ ಬೈಟ್
ಅಕ್ಕಿ ಐತಿ, ಅನ್ನ ಮಾಡವ್ರಿಲ್ಲ ಅಂದಂಗಾತು. ಹಸ್ತವನಿಗೆ ಎರಡೂ ಒಂದ.

ಕರಾವಳಿ ಕರ್ನಲ್
ಮಾರಾಯ್ರೆ, ಲಿನಕ್ಸ್ ಒಂದೇ ಉಂಟಾ ಲೋಕದಲ್ಲಿ? ನೆಟ್‌ಬಿಎಸ್‌ಡಿ ನೋಡಿ, ಬಿಎಸ್‌ಡಿ ಕುಟುಂಬದ ಮುಕ್ತ ಓಎಸ್. 1993ರಿಂದ ಇದೆ, ಐ386 ಅವರಿಗೆ ಈಗಲೂ ಮೊದಲ ಸಾಲಿನ ಯಂತ್ರ. ಅಮಿಗ, ವ್ಯಾಕ್ಸ್‌ನಂಥ ಹಳೇ ಕಂಪ್ಯೂಟರುಗಳನ್ನೂ ಬಿಟ್ಟಿಲ್ಲ. ಹೇಗೆ ಸಾಧ್ಯ ಅಂದ್ರೆ, ಯಂತ್ರಕ್ಕೆ ಅಂಟಿಕೊಂಡ ಕೋಡ್ ಬೇರೆ, ಎಲ್ಲದಕ್ಕೂ ಒಗ್ಗುವ ಕೋಡ್ ಬೇರೆ ಅಂತ ಶುರುವಿನಿಂದಲೇ ಗೆರೆ ಎಳೆದಿದ್ದಾರೆ. ಒಂದು ಪಿಸಿಐ ಕಾರ್ಡಿಗೆ ಬರೆದ ಡ್ರೈವರ್ ಬೇರೆ ಪ್ರೊಸೆಸರಿನ ಯಂತ್ರದಲ್ಲೂ ನಡೆಯುತ್ತದೆ. ಇಡೀ ಸಿಸ್ಟಂ ಕಟ್ಟಲಿಕ್ಕೆ ಹಳೇ ಯಂತ್ರವೇ ಬೇಕು ಅಂತಿಲ್ಲ. ವ್ಯಾಕ್ಸ್‌ಗೆ ಬೇಕಾದ್ದನ್ನು ನಿಮ್ಮ ಹೊಸ ಪಿಸಿಯಲ್ಲಿ ಒಂದು ಸ್ಕ್ರಿಪ್ಟ್ ಓಡಿಸಿ ಕಟ್ಟಬಹುದು.

ಪೆಂಗ್ವಿನ್ ಪ್ರಿಯ
ಬೂಟ್ ಆಗುತ್ತೆ, ಒಪ್ಪಿದೆ. ವೈಫೈ? ಬಿಎಸ್‌ಡಿಗಳಲ್ಲಿ ವೈಫೈ ಯಾವಾಗಲೂ ಹಿಂದೆಯೇ.

ಕರಾವಳಿ ಕರ್ನಲ್
ಹೊಸ ಚಿಪ್ಪಿಗೆ ಹೌದು, ಅದರಲ್ಲಿ ವಾದ ಇಲ್ಲ. ಸಾಗರದವರೇ, ನಿಮ್ಮದರಲ್ಲಿ ಯಾವ ಕಾರ್ಡ್?

ಸಾಗರದ ಹುಡುಗ
ಅಥೆರೋಸ್ ಎಆರ್2425 ಅಂತ ತೋರಿಸುತ್ತೆ.

ಕರಾವಳಿ ಕರ್ನಲ್
ನಿಮ್ಮ ಪುಣ್ಯ! ಇದಕ್ಕೊಂದು ಕತೆ ಉಂಟು. ಈ ಚಿಪ್ಪಿನ ರೇಡಿಯೋವನ್ನು ಸಾಫ್ಟ್‌ವೇರಿನಿಂದಲೇ ನಿಯಮ ಒಪ್ಪದ ತರಂಗಕ್ಕೂ ತಿರುಗಿಸಬಹುದಿತ್ತು. ಅಮೆರಿಕದ ತರಂಗ ನಿಯಮಕ್ಕೆ ಹೆದರಿ, ಅದನ್ನು ಮುಟ್ಟುವ ಭಾಗವನ್ನು 'ಹಾಲ್' ಅಂತ ಮುಚ್ಚಿದ ಬೈನರಿಯಾಗಿ ಕೊಡುತ್ತಿದ್ದರು. ಓಪನ್‌ಬಿಎಸ್‌ಡಿಯ ರೇಕ್ ಫ್ಲೋಟರ್ ಅದರ ನಡವಳಿಕೆ ನೋಡಿ ನೋಡಿಯೇ ಮುಕ್ತ ಹಾಲ್ ಬರೆದರು. ಲಿನಕ್ಸಿನ ಎಟಿಎಚ್5ಕೆ ಡ್ರೈವರ್ ಹುಟ್ಟಿದ್ದೇ ಅದರ ಬೆನ್ನಿಗೆ. ಕೊನೆಗೆ 2008ರಲ್ಲಿ ಕಂಪನಿಯೇ ಹಾಲ್‌ನ ಮೂಲ ಕೋಡ್ ಬಿಡುಗಡೆ ಮಾಡಿತು. ಜೊತೆಗೆ ಈ ಕಾರ್ಡಿಗೆ ಚಿಪ್ಪಿನೊಳಕ್ಕೆ ತುಂಬುವ ಬೇರೆ ಫರ್ಮ್‌ವೇರ್ ಕೂಡ ಬೇಡ.

ಪೆಂಗ್ವಿನ್ ಪ್ರಿಯ
ಒಳ್ಳೆ ಕತೆ. ಆದರೆ ಅದರಿಂದ ತಿಳಿಯೋದು ನನ್ನ ಮಾತೇ. ಒಬ್ಬ ಮನುಷ್ಯ ತಿಂಗಳುಗಟ್ಟಲೆ ಕೂತಿದ್ದಕ್ಕೆ ಒಂದು ಚಿಪ್ಪು ಓಡಿತು. ಅಂಥವರು ಎದ್ದು ಹೋದ ದಿನ ಬೆಂಬಲವೂ ಹೋಯಿತು.

ಹುಬ್ಬಳ್ಳಿ ಬೈಟ್
ಅದಕ್ಕ ಹೇಳೂದು, ಹೋಗೂ ಮೊದಲ ಒಂದ್ ಮಾತ್ ಹೇಳಿ ಹೋಗ್ರಿ ಅಂತ.

ಪೆಂಗ್ವಿನ್ ಪ್ರಿಯ
ಹೇಳಿಯೇ ಹೋದರು ಸ್ವಾಮಿ, ಬಿಡುಗಡೆ ಟಿಪ್ಪಣಿಯಲ್ಲಿದೆ. ಓದಲಿಲ್ಲ ನೀವು.

ಕರಾವಳಿ ಕರ್ನಲ್
ಜಗಳ ಸಾಕು. ಇನ್ನೊಂದು ಲೆಕ್ಕ ನೋಡಿ. ಸೆಕೆಂಡುಗಳನ್ನು 32 ಬಿಟ್ ಸಂಖ್ಯೆಯಲ್ಲಿ ಎಣಿಸುವ ಗಡಿಯಾರ 2038ರ ಜನವರಿ 19ಕ್ಕೆ ತುಂಬಿ ಹಿಂದಕ್ಕೆ ಹಾರುತ್ತದೆ. ಡೆಬಿಯನ್ 13 ಉಳಿದ 32 ಬಿಟ್ ಯಂತ್ರಗಳನ್ನು 64 ಬಿಟ್ ಸಮಯಕ್ಕೆ ಬದಲಿಸಿತು. ಐ386 ಒಂದನ್ನು ಹಾಗೇ ಬಿಟ್ಟಿತು, ಬದಲಿಸಿದರೆ ಹಳೇ ಪ್ರೋಗ್ರಾಂಗಳು ಒಡೆಯುತ್ತವೆ ಅಂತ. ನೆಟ್‌ಬಿಎಸ್‌ಡಿ ಅದನ್ನು 2012ರ 6.0ರಲ್ಲೇ ಮಾಡಿ ಮುಗಿಸಿದೆ.

ಹುಬ್ಬಳ್ಳಿ ಬೈಟ್
2038ಕ್ಕ ಆ ನೆಟ್‌ಬುಕ್ಕಿಗೆ 29 ತುಂಬತೈತಿ. ಲಗ್ನಾ ಮಾಡ್ರಿ ಅದಕ್ಕ!

ಬರಹಪ್ರೇಮಿ
ನಡುವೆ ಬಾಯಿ ಹಾಕ್ತೀನಿ, ಬೇಜಾರಾಗಬೇಡಿ. ಅಪ್ಪನಿಗೆ ಬೇಕಿರೋದು ಕನ್ನಡ ಟೈಪಿಂಗ್ ತಾನೇ? ಐಬಸ್ ಗಿಯ್‌ಬಸ್ ಅಂತ ಟೈಪಿಂಗ್ ಸಾಫ್ಟ್‌ವೇರ್ ಏನೂ ಬೇಡ, 1 ಜಿಬಿಯಲ್ಲಿ ಅದೂ ಭಾರವೇ. ಪರದೆ ನಡೆಸುವ ಎಕ್ಸ್ ವಿಂಡೋದ ಕೀಲಿಮಣೆ ಪಟ್ಟಿಯಲ್ಲೇ ಕಗಪ ವಿನ್ಯಾಸ ಇದೆ, ಒಂದು ಆಜ್ಞೆ ಸಾಕು. ಗುಬ್ಬಿ ಫಾಂಟ್ ಹಳೇ ಡಿಸ್ಕಿನಿಂದ ಕಾಪಿ ಮಾಡಿಟ್ಟುಕೊಳ್ಳಿ. ಬ್ರೌಸರ್ ಆಸೆ ಮಾತ್ರ ಬಿಟ್ಟುಬಿಡಿ.

ಸಾಗರದ ಹುಡುಗ
ಭಾನುವಾರ ಕೂತು ನೆಟ್‌ಬಿಎಸ್‌ಡಿ ಹಾಕಿದೆ. ಡೆಬಿಯನ್ 12ರ ಪೆನ್‌ಡ್ರೈವ್ ಕೂಡ ಮಾಡಿ ಪಕ್ಕಕ್ಕಿಟ್ಟುಕೊಂಡಿದ್ದೆ, ಧೈರ್ಯಕ್ಕೆ. ಕಪ್ಪು ಪರದೆ ಮೇಲೆ ಹಸಿರು ಅಕ್ಷರ ಓಡುವಾಗ ಅಪ್ಪ ಹಿಂದೆ ನಿಂತು "ಕೆಟ್ಟಿತಾ?" ಅಂದರು. ವೈಫೈ ಕಾರ್ಡಿನ ಎಟಿಎಚ್0 ಅನ್ನುವ ಸಾಲು ಬಂತು, ವೈಫೈ ಸಿಕ್ಕಿತು. ಮುಚ್ಚಳ ಮುಚ್ಚಿ ತೆಗೆದರೆ ಪರದೆ ಏಳುವುದಿಲ್ಲ, ಅದಿನ್ನೂ ಬಗೆಹರಿದಿಲ್ಲ. ಮುಚ್ಚಲೇಬೇಡಿ ಅಂತ ಚೀಟಿ ಅಂಟಿಸಿದ್ದೇನೆ. ಕಗಪದಲ್ಲಿ ಎಫ್ ಒತ್ತಿ ಒತ್ತಕ್ಷರ ಸರಿಯಾಗಿ ಬಂದಮೇಲೆ ಅವರು ನನ್ನನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂತರು.

ಪೆಂಗ್ವಿನ್ ಪ್ರಿಯ
ಸಂತೋಷ. ಬ್ಯಾಟರಿ ಎಷ್ಟು ಹೊತ್ತು ಬರುತ್ತೆ?

ಸಾಗರದ ಹುಡುಗ
ಬ್ಯಾಟರಿ ಸತ್ತು ಮೂರು ವರ್ಷ ಆಯ್ತು ಸಾರ್. ಅದಕ್ಕೆ ಯಾವ ಓಎಸ್ಸೂ ಬೆಂಬಲ ಕೊಡಲಿಲ್ಲ.