ಕಾಳುಮೆಣಸಿನ ಪೈಪರೀನ್: 286ರ ಪಕ್ಕದಲ್ಲಿ 308 ಯಾಕೆ ಬರುತ್ತಿದೆ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟಿಗೆ ಕಾಳುಮೆಣಸು ತಗೊಂಡಿದ್ದೇನೆ. ಪುಡಿ ಮಾಡಿ, ಮೆಥನಾಲ್‌ನಲ್ಲಿ ನೆನೆಸಿ, ಸೋಸಿ ಎಲ್‌ಸಿ-ಎಂಎಸ್‌ಗೆ (ದ್ರಾವಣದಲ್ಲಿರುವುದನ್ನು ಬೇರ್ಪಡಿಸಿ ಅಣುಗಳ ತೂಕ ಅಳೆಯುವ ಯಂತ್ರ) ಹಾಕಿದೆ. ಇಎಸ್‌ಐ (ದ್ರಾವಣವನ್ನು ಸಿಡಿಸಿ ಅಣುಗಳಿಗೆ ಚಾರ್ಜ್ ಕೊಡುವ ವಿಧಾನ), ಪಾಸಿಟಿವ್ ಮೋಡ್. ಮೆಣಸಿಗೆ ಖಾರ ಕೊಡುವ ಪೈಪರೀನ್ ತೂಕ 285, ಒಂದು ಪ್ರೋಟಾನ್ ಸೇರಿದರೆ 286, ಹಾಗಾಗಿ 286ರ ಪೀಕ್ ಅರ್ಥವಾಗುತ್ತದೆ. ಆದರೆ ಅದೇ ಸಮಯಕ್ಕೆ 308ರಲ್ಲಿ ಅದಕ್ಕಿಂತ ದೊಡ್ಡ ಪೀಕ್ ಇದೆ. ಬೇರೆ ಏನಾದರೂ ಸೇರಿಕೊಂಡಿದೆಯಾ? ಇನ್ನೊಂದು, ಮೆಣಸೆಣ್ಣೆಯಲ್ಲಿ ಇರಲೇಬೇಕಾದ ಕ್ಯಾರಿಯೋಫಿಲೀನ್ (204) ಕಾಣುತ್ತಲೇ ಇಲ್ಲ, 205ರಲ್ಲೂ ಇಲ್ಲ. ಸ್ಯಾಂಪಲ್ ಕೆಟ್ಟಿದೆಯಾ?

ಉತ್ತರ 1:
ಸ್ಯಾಂಪಲ್ ಚೆನ್ನಾಗಿಯೇ ಇದೆ. 308 ಕೂಡ ಪೈಪರೀನೇ, ಪ್ರೋಟಾನ್ ಬದಲು ಸೋಡಿಯಂ ಅಂಟಿದೆ, 285 ಮತ್ತು 23. ಎರಡೂ ಒಂದೇ ಸಮಯಕ್ಕೆ ಬಂದವು ಅಂದಿರಲ್ಲ, ಅದೇ ಗುರುತು. ಗಾಜಿನ ಬಾಟಲಿಯಿಂದಲೂ ಸೋಡಿಯಂ ಬರುತ್ತದೆ, ತಪ್ಪಿಸುವುದು ಕಷ್ಟ. 324 ಕಂಡರೆ ಅದು ಪೊಟ್ಯಾಸಿಯಂ. 308ಕ್ಕೂ ಅದಕ್ಕೂ 16 ವ್ಯತ್ಯಾಸ ಅಲ್ವಾ, ಆಕ್ಸಿಜನ್ ಸೇರಿದೆ ಅಂತ ಬರೆದುಬಿಡಬೇಡಿ. ಮೊಬೈಲ್ ಫೇಸಿಗೆ (ಸ್ಯಾಂಪಲ್ ಹೊತ್ತೊಯ್ಯುವ ದ್ರವ) 0.1% ಫಾರ್ಮಿಕ್ ಆಸಿಡ್ ಹಾಕಿ ನೋಡಿ, ಸಾಮಾನ್ಯವಾಗಿ 286 ಏರುತ್ತದೆ. ಫಾಸ್ಫೇಟ್ ಬಫರ್ ಮಾತ್ರ ಬೇಡವೇ ಬೇಡ. ಅದು ಆವಿಯಾಗುವುದಿಲ್ಲ, ಸೋರ್ಸ್ (ಅಯಾನು ತಯಾರಾಗುವ ಭಾಗ) ತುಂಬ ಉಪ್ಪು ಕಟ್ಟುತ್ತದೆ.

ಉತ್ತರ 2:
ಕ್ಯಾರಿಯೋಫಿಲೀನ್ ವಿಷಯ ನಾನು ಹೇಳುತ್ತೇನೆ. ಇಎಸ್‌ಐನಲ್ಲಿ ಸೂಜಿಯ ತುದಿಗೆ 3-4 ಕಿಲೋವೋಲ್ಟ್ ಕೊಡುತ್ತಾರೆ, ದ್ರಾವಣ ಚಾರ್ಜ್ ಹೊತ್ತ ಹನಿಗಳಾಗಿ ಸಿಡಿಯುತ್ತದೆ, ಹನಿ ಒಣಗುತ್ತಾ ಒಡೆಯುತ್ತಾ ಹೋಗಿ ಕೊನೆಗೆ ಅಯಾನು ಉಳಿಯುತ್ತದೆ. ಆದರೆ ಚಾರ್ಜ್ ಹಿಡಿದುಕೊಳ್ಳಲು ಅಣುವಿನಲ್ಲಿ ಜಾಗ ಬೇಕು. ಪೈಪರೀನ್‌ನಲ್ಲಿ ಅಮೈಡ್ ಗುಂಪು ಇದೆ, ಅದೇ ಆ ಜಾಗ. ಕ್ಯಾರಿಯೋಫಿಲೀನ್‌ನಲ್ಲಿ ಬರೀ ಕಾರ್ಬನ್, ಹೈಡ್ರೋಜನ್. ಅದಕ್ಕೆ ಜಿಸಿ-ಎಂಎಸ್‌ನ (ಸ್ಯಾಂಪಲ್ ಆವಿ ಮಾಡಿ ಬೇರ್ಪಡಿಸಿ ಅಳೆಯುವ ಯಂತ್ರ) ಇಐ ಸೋರ್ಸೇ ಸರಿ, ಅಂದರೆ ಎಲೆಕ್ಟ್ರಾನ್ ಬಡಿದು ಅಯಾನು ಮಾಡುವುದು.

ಅಲ್ಲೂ 204 ಸಣ್ಣದಾಗಿಯೇ ಬರುತ್ತದೆ, ಗಾಬರಿಯಾಗಬೇಡಿ. 70 ಎಲೆಕ್ಟ್ರಾನ್ ವೋಲ್ಟ್ ಏಟು ಅದು, ಒಂದು ಎಲೆಕ್ಟ್ರಾನ್ ಕಿತ್ತು ಹಾಕಲು ಹೆಚ್ಚುಕಡಿಮೆ 10 ಸಾಕು, ಮಿಕ್ಕಿದ್ದರಲ್ಲಿ ಒಂದು ಪಾಲು ಒಳಗೆ ಉಳಿದರೂ ಅಣು ಚೂರಾಗುತ್ತದೆ. 93, 69, 41 ದೊಡ್ಡದಾಗಿ ಕಾಣುತ್ತವೆ. ಎಲ್ಲ ಲ್ಯಾಬಿನಲ್ಲೂ ಇದೇ 70 ಇಡುವುದರಿಂದ ಲೈಬ್ರರಿ (ಗೊತ್ತಿರುವ ಸ್ಪೆಕ್ಟ್ರಮ್‌ಗಳ ಸಂಗ್ರಹ) ಜೊತೆ ಹೋಲಿಸಬಹುದು. ಆದರೆ ಕ್ಯಾರಿಯೋಫಿಲೀನ್ ಜಾತಿಯ ಟರ್ಪೀನುಗಳ (ಗಿಡದೆಣ್ಣೆಗಳಲ್ಲಿರುವ ಅಣುಗಳು) ಸ್ಪೆಕ್ಟ್ರಮ್‌ಗಳು ಒಂದರಂತೆ ಒಂದಿರುತ್ತವೆ. ಲೈಬ್ರರಿ ಕೊಟ್ಟ ಹೆಸರನ್ನು ಸುಮ್ನೆ ಥೀಸಿಸ್‌ಗೆ ಇಳಿಸುವುದು ತಪ್ಪು. ಆಲ್ಕೇನ್ ಸ್ಟ್ಯಾಂಡರ್ಡ್ ಓಡಿಸಿ ರಿಟೆನ್ಶನ್ ಇಂಡೆಕ್ಸ್ (ಆಲ್ಕೇನುಗಳಿಗೆ ಹೋಲಿಸಿ ಹೊರಬರುವ ಸಮಯದ ಅಳತೆ) ತಾಳೆ ನೋಡಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್, 324 ಇದೆ! 593ರಲ್ಲೂ ಒಂದಿದೆ. ಪಕ್ಕದ ಲ್ಯಾಬಿನಲ್ಲಿ ಮಾಲ್ಡಿ (ಲೇಸರ್ ಹೊಡೆದು ಅಯಾನು ಮಾಡುವ ಯಂತ್ರ) ಇದೆ, ಅದರಲ್ಲೂ ನೋಡಲಾ?

ಉತ್ತರ 1:
593 ಅಂದರೆ ಎರಡು ಪೈಪರೀನ್, ಒಂದು ಸೋಡಿಯಂ. ಸ್ಯಾಂಪಲ್ ಜಾಸ್ತಿ ಗಟ್ಟಿಯಾಗಿದೆ, ನೂರು ಪಟ್ಟು ತೆಳು ಮಾಡಿ ಮತ್ತೆ ಹಾಕಿ. ಮಾಲ್ಡಿ ಪ್ರೋಟೀನಿಗೆ ಬಹಳ ಒಳ್ಳೆಯದು, ಆದರೆ 500ರ ಕೆಳಗೆ ಮ್ಯಾಟ್ರಿಕ್ಸಿನದೇ (ಸ್ಯಾಂಪಲ್ ಜೊತೆ ಬೆರೆಸುವ, ಲೇಸರ್ ಹೀರುವ ವಸ್ತು) ಪೀಕುಗಳು ತುಂಬಿರುತ್ತವೆ, 286 ಹುಡುಕಲು ಅಲ್ಲಿಗೆ ಹೋಗಬೇಡಿ.