ರೆಕ್ಕೆ ಬುಡದ ಸಂದಿ: ಉಜ್ಜಬೇಕಾ, ಒರೆಸಬೇಕಾ?

ಬೆಟಗೇರಿ ಗೂಡು:
ಎಲ್ಲರಿಗೂ ನಮಸ್ಕಾರ. 2025ರ ಸೆಪ್ಟೆಂಬರ್ 26ಕ್ಕೆ ಚಂಡೀಗಢದಲ್ಲಿ ಮಿಗ್-21 ಯುದ್ಧವಿಮಾನಕ್ಕೆ ವಾಯುಪಡೆಯವರು ವಿದಾಯ ಹೇಳಿದರಲ್ಲ, ಅದನ್ನು ನೋಡಿದ ಮೇಲೆ ಅದರ ಪ್ಲಾಸ್ಟಿಕ್ ಮಾದರಿ ಜೋಡಿಸುವ ಒಂದು ಕಿಟ್ ತರಿಸಿದೆ. 1/72 ಅಳತೆ, ಅಂದರೆ ನಿಜವಾದದ್ದರ ಎಪ್ಪತ್ತೆರಡರಲ್ಲಿ ಒಂದು ಪಾಲು. ನಿಜವಾದ ವಿಮಾನದ ರೆಕ್ಕೆ ತುದಿಯಿಂದ ತುದಿಗೆ 7.15 ಮೀಟರ್. ನನ್ನದು ಹತ್ತು ಸೆಂಟಿಮೀಟರ್‌ಗೆ ಕೂದಲೆಳೆ ಕಮ್ಮಿ. ಹಳೆ ಕಾಲದ ಬೆಳ್ಳಿ ಬಣ್ಣದಲ್ಲೇ ಮಾಡಬೇಕು ಅಂತ ಆಸೆ.

ಎಡರೆಕ್ಕೆ ಅಂಟಿಸಿದೆ. ಮೈಗೆ ಕೂಡುವ ಮೂಲೆಯಲ್ಲಿ ಸಂದಿ ಉಳಿಯಿತು. ಪುಟ್ಟಿ ತುಂಬಿ ಉಜ್ಜಿದೆ. ಸಂದಿ ಹೋಗಲಿಲ್ಲ, ಪಕ್ಕದ ಪ್ಯಾನೆಲ್ ಗೆರೆಗಳು, ಅಂದರೆ ಮೈಯ ತಗಡುಗಳು ಕೂಡುವ ಕಡೆ ಕೊರೆದಿರುವ ಗೆರೆಗಳು, ಹೋದವು. ಹೊಟ್ಟೆ ಕೆಳಗೆ ಮೀನಿನ ರೆಕ್ಕೆಯಂಥ ಸಣ್ಣ ಫಿನ್ ಇದೆಯಲ್ಲ, ಅದರ ಬುಡಕ್ಕೆ ಬೆರಳೇ ಹೋಗುವುದಿಲ್ಲ. ಇನ್ನೊಂದು ಚಿಂತೆ ಟೇಪಿನದು. ಹಳೆ ಮಾದರಿ ಒಂದರ ಮೇಲೆ ಮಾಸ್ಕಿಂಗ್ ಟೇಪ್ (ಬಣ್ಣ ಬೇಡದ ಜಾಗ ಮುಚ್ಚುವ ಟೇಪ್) ಹಚ್ಚಿ ತೆಗೆದು ನೋಡಿದೆ. ಎಂಟಾಣೆಯಷ್ಟು ಅಗಲಕ್ಕೆ ಬಣ್ಣ ಕಿತ್ತು ಬಂತು. ಬಲರೆಕ್ಕೆ ಇನ್ನೂ ಅಂಟಿಸಿಲ್ಲ, ಕೈ ಬರುತ್ತಿಲ್ಲ. ಇಂಥ ಇಕ್ಕಟ್ಟಿನ ಜಾಗ ಉಜ್ಜಲೇಬೇಕಾ? ಉಜ್ಜಿದರೆ ಹೇಗೆ?

ಗದಗ ರೋಡ್ ಫಿಟ್ಟರ್, ಹುಬ್ಬಳ್ಳಿ:
ಉಜ್ಜಲೇಬೇಕು. ಅದರಲ್ಲೂ ಬೆಳ್ಳಿ ಬಣ್ಣಕ್ಕೆ. ಹಸಿರು, ಕಂದು ಬಣ್ಣ ಸಣ್ಣ ತಪ್ಪು ಮುಚ್ಚುತ್ತೆ. ಬೆಳ್ಳಿ ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತೆ.

ನೀವು ಬೆರಳಿಗೆ ಸ್ಯಾಂಡ್‌ಪೇಪರ್ ಸುತ್ತಿ ಉಜ್ಜಿದ್ದೀರಿ ಅನಿಸುತ್ತೆ. ಬೆರಳು ಮೆತ್ತಗೆ. ಅದು ಗಟ್ಟಿ ಪ್ಲಾಸ್ಟಿಕ್ಕಿನ ಮೇಲೆ ಜಾರಿ, ಮೆತ್ತನೆ ಪುಟ್ಟಿಯನ್ನು ತೋಡುತ್ತೆ. ಕೊನೆಗೆ ಸಂದಿಯ ಜಾಗದಲ್ಲಿ ಒಂದು ತಗ್ಗು. ಮೂವತ್ತು ವರ್ಷ ಕಾನಸು ಹಿಡಿದ ಕೈ ನನ್ನದು, ಹೇಳುತ್ತೇನೆ ಕೇಳಿ. ಪೇಪರ್ ಹಿಂದೆ ಗಟ್ಟಿ ಆಧಾರ ಬೇಕು. ಐಸ್‌ಕ್ರೀಮ್ ಕಡ್ಡಿಯ ತುದಿಯನ್ನು ಉಳಿಯ ಬಾಯಿಯ ಹಾಗೆ ಓರೆಯಾಗಿ ಕತ್ತರಿಸಿ. ಅದರ ಒಂದೇ ಮುಖಕ್ಕೆ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಸ್ಯಾಂಡ್‌ಪೇಪರ್, ಅಂಟಿಸಿ. ಇನ್ನೊಂದು ಮುಖ ಬರಿ ಕಟ್ಟಿಗೆ ಇರಲಿ, ಅದು ಮೈಗೆ ತಾಗಿದರೂ ಗೀರುವುದಿಲ್ಲ. 400 ನಂಬರಿನ ಪೇಪರಿನಿಂದ ಶುರು ಮಾಡಿ, ನಂಬರ್ ಏರಿದಷ್ಟೂ ಪೇಪರ್ ನುಣುಪು. ಆಮೇಲೆ 600, 1000, ಬೆಳ್ಳಿಗೆ 2000ದವರೆಗೂ ಹೋಗಿ. ಯಾವಾಗಲೂ ನೀರು ಹಾಕಿ, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಸೇರಿಸಿ. ಪುಡಿ ಮೂಗಿಗೂ ಹೋಗಲ್ಲ, ಪೇಪರೂ ಕಟ್ಟಿಕೊಳ್ಳಲ್ಲ.

ಫಿನ್ ಬುಡಕ್ಕೆ ಖಾಲಿ ಪೆನ್ ರೀಫಿಲ್ ಸಾಕು. ಅದಕ್ಕೆ ಪೇಪರ್ ಒಂದೇ ಸುತ್ತು ಸುತ್ತಿ, ಮೂಲೆಯ ಉದ್ದಕ್ಕೆ ಎಳೆಯಿರಿ. ಹಿಂದೆ ಮುಂದೆ ತಿಕ್ಕಬೇಡಿ, ಒಂದೇ ಕಡೆ ಎಳೆಯಿರಿ.

ಪ್ಯಾನೆಲ್ ಗೆರೆ ಉಳಿಯಬೇಕಾದರೆ ಉಜ್ಜುವ ಮೊದಲೇ ಸಂದಿಯ ಎರಡೂ ಪಕ್ಕ ಟೇಪ್ ಹಚ್ಚಿ, ಎರಡು ಪದರ. ಟೇಪ್ ಬಣ್ಣಕ್ಕೆ ಮಾತ್ರ ಅಂತ ಭಾಳ ಜನ ತಿಳಿದಿದ್ದಾರೆ. ನನ್ನ ಟೇಪಿನ ಅರ್ಧ ಉಜ್ಜುವಾಗಲೇ ಖರ್ಚಾಗುತ್ತೆ.

ಸಾಧನಕೇರಿ ಮಳೆ, ಧಾರವಾಡ:
ಫಿಟ್ಟರ್ ಅಣ್ಣನ ಕೈ ಬೇರೆ, ನಮ್ಮ ಕೈ ಬೇರೆ. ನಾನು ಮೂಲೆಯಲ್ಲಿ ಉಜ್ಜುವುದನ್ನೇ ಬಿಟ್ಟಿದ್ದೇನೆ.

ಮೊದಲು ಒಂದು ಪ್ರಶ್ನೆ. ಆ ಸಂದಿ ನಿಜವಾದ ವಿಮಾನದಲ್ಲಿ ಇದೆಯಾ ಇಲ್ವಾ? ರೆಕ್ಕೆ ಬೇರೆ ಭಾಗ, ಮೈ ಬೇರೆ ಭಾಗ. ಕೂಡುವ ಕಡೆ ಗೆರೆ ಇದ್ದೇ ಇರುತ್ತೆ. ಅದನ್ನು ಪೂರ್ತಿ ಅಳಿಸಿ ನುಣ್ಣಗೆ ಮಾಡಿದರೆ ರೆಕ್ಕೆ ಮೈಯಿಂದ ಬೆಳೆದು ಬಂದ ಹಾಗೆ ಕಾಣುತ್ತೆ. ಬೆನ್ನ ಮೇಲೆ, ಹೊಟ್ಟೆ ಕೆಳಗೆ ಮೈಯ ಎರಡು ಹೋಳು ಕೂಡುವ ಗೆರೆ ಮಾತ್ರ ಕಿಟ್ಟಿನದು. ಅದನ್ನು ತೆಗೆಯಿರಿ, ಒಪ್ಪುತ್ತೇನೆ. ರೆಕ್ಕೆ ಬುಡದಲ್ಲಿ ನಮಗೆ ಬೇಕಾದ್ದು ಅಗಲವಾದ ಸಂದಿ ಸಣ್ಣ ಗೆರೆಯಾಗುವುದು, ಅಷ್ಟೇ.

ಅದಕ್ಕೆ ನೀರಿನಲ್ಲಿ ಕರಗುವ ಅಕ್ರಿಲಿಕ್ ಪುಟ್ಟಿ ಸಾಕು. ಸಂದಿಗೆ ತುಂಬಿ, ಒಂದೆರಡು ನಿಮಿಷ ಬಿಟ್ಟು, ಒದ್ದೆ ಹತ್ತಿಕಡ್ಡಿಯಿಂದ ಮೂಲೆಯ ಉದ್ದಕ್ಕೆ ಒರೆಸಿ. ಹೆಚ್ಚಿನದು ಹತ್ತಿಗೆ ಬರುತ್ತೆ, ಸಂದಿಯೊಳಗಿನದು ಉಳಿಯುತ್ತೆ. ಒಂದು ಪ್ಯಾನೆಲ್ ಗೆರೆಯೂ ಹೋಗುವುದಿಲ್ಲ. ಟ್ಯೂಬಿನಲ್ಲಿ ಬರುವ ಘಾಟು ವಾಸನೆಯ ಪುಟ್ಟಿಯನ್ನು ಕೆಲವರು ಅಸಿಟೋನ್‌ನಿಂದ ಒರೆಸುತ್ತಾರೆ. ಬೇಡ. ಕಡ್ಡಿ ಸ್ವಲ್ಪ ಜಾಸ್ತಿ ಒದ್ದೆಯಾದರೆ ಪ್ಲಾಸ್ಟಿಕ್ಕೇ ಕರಗುತ್ತೆ.

ಬಲರೆಕ್ಕೆ ಇನ್ನೂ ಅಂಟಿಸಿಲ್ಲ ಅಂದಿರಲ್ಲ, ಅದು ಒಳ್ಳೇದಾಯ್ತು. ಅಂಟು ಹಚ್ಚಿ, ಎರಡೂ ರೆಕ್ಕೆ ತುದಿಗೆ ಬೆನ್ನ ಮೇಲಿಂದ ಟೇಪ್ ಹಾಯಿಸಿ ಎಳೆದು ಕಟ್ಟಿ. ಮೇಲಿನ ಸಂದಿ ತಾನೇ ಮುಚ್ಚಿಕೊಳ್ಳುತ್ತೆ.

ಹಾವೇರಿ 48:
ಟೇಪ್ ಎಳೆದು ಕಟ್ಟುವ ಉಪಾಯ ಮಿಗ್-21ಕ್ಕೆ ಬೇಡವೇ ಬೇಡ. ಸ್ಪಿಟ್‌ಫೈರ್, ಹರಿಕೇನ್‌ಗಳ ರೆಕ್ಕೆ ಮೇಲಕ್ಕೆ ವಾಲಿರುತ್ತೆ, ಅವಕ್ಕೆ ಸರಿ. ಮಿಗ್-21ರ ರೆಕ್ಕೆ 2 ಡಿಗ್ರಿ ಕೆಳಕ್ಕೆ ಇಳಿದಿದೆ. ತುದಿ ಮೇಲಕ್ಕೆ ಎಳೆದರೆ ಆ ಇಳಿಜಾರು ಹೋಗುತ್ತೆ, ಎದುರಿನಿಂದ ನೋಡಿದ ಕೂಡಲೇ ವಿಮಾನ ತಪ್ಪಾಗಿ ಕಾಣುತ್ತೆ. ಮೇಲೆ ಮುಚ್ಚಿದ ಸಂದಿ ಕೆಳಗೆ ಬಾಯಿ ಬಿಡುತ್ತೆ, ಅದು ಬೇರೆ.

ನಾನು ಮಾಡುವುದು ಇಷ್ಟು. ಅಂಟಿಲ್ಲದೆ ರೆಕ್ಕೆ ಕೂಡಿಸಿ ಬೆಳಕಿಗೆ ಹಿಡಿದು ನೋಡುತ್ತೇನೆ. ಎಲ್ಲಿ ತಡೆಯುತ್ತೆ ಗೊತ್ತಾಗುತ್ತೆ. ಭಾಳ ಸಲ ಒಳಗೆ ಹೋಗುವ ನಾಲಿಗೆಯ ಮೇಲೆ ಅಚ್ಚಿನ ಏರು ಇರುತ್ತೆ, ಅದನ್ನು ಕೆರೆದರೆ ಅರ್ಧ ಸಂದಿ ಮಾಯ. ಉಳಿದದ್ದಕ್ಕೆ 0.25 ಮಿಲಿಮೀಟರ್ ಪ್ಲಾಸ್ಟಿಕ್ ಹಾಳೆಯ ಸಣ್ಣ ಪಟ್ಟಿ ಸೇರಿಸಿ ತೆಳು ಅಂಟು ಬಿಡಿ. ಪುಟ್ಟಿಯೇ ಬೇಡ.

ಸಾಧನಕೇರಿ ಮಳೆ, ಧಾರವಾಡ:
ಹೌದು, 2 ಡಿಗ್ರಿ ಇಳಿಜಾರು ನನ್ನ ತಲೆಯಲ್ಲಿ ಇರಲಿಲ್ಲ. ನನ್ನ ಮಾದರಿಗಳೆಲ್ಲ ಪ್ರೊಪೆಲ್ಲರ್ ವಿಮಾನಗಳು. ಟೇಪಿನ ಮಾತು ಹಿಂದಕ್ಕೆ ತೆಗೆದುಕೊಂಡೆ. ಒರೆಸುವ ಮಾತು ಹಾಗೇ ಇರಲಿ.

ಗದಗ ರೋಡ್ ಫಿಟ್ಟರ್, ಹುಬ್ಬಳ್ಳಿ:
ರೆಕ್ಕೆ ಬುಡದ ಗೆರೆ ಉಳಿಯಲಿ ಅಂದದ್ದು ಸರಿ, ಅದನ್ನು ನಾನು ಯೋಚಿಸಿರಲಿಲ್ಲ. ಆದರೆ ಒರೆಸುವ ಪುಟ್ಟಿಯನ್ನು ಬೆನ್ನು, ಹೊಟ್ಟೆಗೆ ತರಬೇಡಿ. ಅದರ ಅಂಚು ಪ್ಲಾಸ್ಟಿಕ್ ಜೊತೆ ಸಮ ಆಗುವುದಿಲ್ಲ, ಮೇಲೆ ಗೆರೆ ಕೊರೆಯಲು ಹೋದರೆ ಉದುರುತ್ತೆ. ಅಲ್ಲಿಗೆ ಸೂಪರ್ ಗ್ಲೂ ತುಂಬಿ. ಅದು ಒಣಗಿದ ಮೇಲೆ ಪುಟ್ಟಿಯ ಹಾಗೆ ಕುಗ್ಗುವುದಿಲ್ಲ. ಆದರೆ ಒಂದು ಗಂಟೆಯೊಳಗೆ ಉಜ್ಜಿ. ಮರುದಿನಕ್ಕೆ ಬಿಟ್ಟರೆ ಅದು ಪ್ಲಾಸ್ಟಿಕ್‌ಗಿಂತ ಗಟ್ಟಿ. ಆಗ ಅಂಟು ಏರಾಗಿ ನಿಲ್ಲುತ್ತೆ, ಅಕ್ಕಪಕ್ಕದ ಪ್ಲಾಸ್ಟಿಕ್ ಸವೆಯುತ್ತೆ. ಸ್ವಲ್ಪ ಟಾಲ್ಕಮ್ ಪೌಡರ್ ಕಲಸಿದರೆ ಉಜ್ಜಲು ಹಗುರ.

ಉಜ್ಜಿದ ಮೇಲೆ ಗೆರೆಯ ಮೇಲೆ ಬೆಳ್ಳಿ ಮಾರ್ಕರ್ ಎಳೆಯಿರಿ. ಸಂದಿ ಉಳಿದಿದ್ದರೆ ಅಲ್ಲೇ ಕಾಣುತ್ತೆ. ಪೂರ್ತಿ ಬಣ್ಣ ಹೊಡೆದ ಮೇಲೆ ಅಳುವುದಕ್ಕಿಂತ ಇದು ಚಲೋ.

ಪ್ರೆಸ್ಸಿನಕ್ಕ, ಗದಗ:
ಉಜ್ಜುವುದರ ಬಗ್ಗೆ ಅಣ್ಣಂದಿರು ಹೇಳಿದರು. ಟೇಪಿನ ಬಗ್ಗೆ ನಾನು ಹೇಳುತ್ತೇನೆ. ಗದಗದಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಕೆಲಸ ನನ್ನದು. ಫಿಲ್ಮ್ ಕತ್ತರಿಸುವುದು, ಬಣ್ಣ ಅಂಚು ದಾಟದ ಹಾಗೆ ನೋಡಿಕೊಳ್ಳುವುದು ದಿನದ ಕೆಲಸ.

ಬೆಟಗೇರಿಯವರೇ, ನಿಮ್ಮ ಟೇಪು ಬಣ್ಣ ಕಿತ್ತದ್ದಕ್ಕೆ ಟೇಪು ಒಂದೇ ಕಾರಣ ಇರಲಾರದು. ಆ ಹಳೆ ಮಾದರಿಯನ್ನು ಬಣ್ಣಕ್ಕೆ ಮುಂಚೆ ತೊಳೆದಿದ್ದಿರಾ? ಪ್ಲಾಸ್ಟಿಕ್ ಮೇಲೆ ಅಚ್ಚಿನ ಎಣ್ಣೆ ಇರುತ್ತೆ, ಕೈ ಜಿಡ್ಡು ಸೇರುತ್ತೆ. ಸೋಪು ನೀರಲ್ಲಿ ತೊಳೆದು, ಪ್ರೈಮರ್ ಹೊಡೆದು, ಆಮೇಲೆ ಬಣ್ಣ. ಒಂದು ಮಾತು, ನಮ್ಮ ಕಡೆ ಬೋರಿನ ನೀರು ಒಣಗಿದರೆ ಬಿಳಿ ಕಲೆ ಬಿಡುತ್ತೆ. ಕೊನೆಯ ಸಲ ಕುಡಿಯುವ ನೀರಲ್ಲಿ ಜಾಲಿಸಿ.

ಟೇಪನ್ನು ಹಚ್ಚುವ ಮೊದಲು ಮುಂಗೈಗೆ ಎರಡು ಸಲ ಅಂಟಿಸಿ ತೆಗೆಯಿರಿ, ಅಂಟು ಸ್ವಲ್ಪ ಕಮ್ಮಿಯಾಗುತ್ತೆ. ಮಾದರಿಗೆ ಅಂತಲೇ ಬರುವ ಹಳದಿ ಜಪಾನಿ ಕಾಗದದ ಟೇಪು ತಗೊಳ್ಳಿ. 6 ಮಿಲಿಮೀಟರ್ ಅಗಲದ್ದು ಸಾಕು. ಗೋಡೆಗೆ ಬಳಸುವ ಟೇಪಿನ ಅಂಚು ನೇರ ಇರುವುದಿಲ್ಲ. ಗಾಜಿನ ಮೇಲೆ ಟೇಪು ಹಚ್ಚಿ, ಹೊಸ ಬ್ಲೇಡಿನಿಂದ ಅಂಚು ಕತ್ತರಿಸಿಕೊಂಡರೆ ಇನ್ನೂ ಚಲೋ. ತೆಗೆಯುವಾಗ ಮೇಲಕ್ಕೆ ಎತ್ತಬೇಡಿ. ಟೇಪನ್ನು ಅದರ ಮೇಲೇ ಮಡಚಿ, ಮೈಗೆ ಒತ್ತಿದ ಹಾಗೆ ಹಿಂದಕ್ಕೆ ನಿಧಾನ ಎಳೆಯಿರಿ.

ಹಾವೇರಿ 48:
ಕ್ಯಾನೊಪಿಯ, ಅಂದರೆ ಪೈಲಟ್ ತಲೆ ಮೇಲಿನ ಮುಚ್ಚಳದ, ಗಾಜಿಗೆ ನಾನು ಟೇಪಿನ ಬದಲು ಫೆವಿಕಾಲ್ ಹಚ್ಚುತ್ತೇನೆ ಅಕ್ಕಾ. ಒಣಗಿದ ಮೇಲೆ ಪೊರೆಯ ಹಾಗೆ ಎದ್ದು ಬರುತ್ತೆ. 1/72ರಷ್ಟು ಸಣ್ಣ ಗಾಜಿಗೆ ಟೇಪು ಕತ್ತರಿಸುತ್ತಾ ಕೂತರೆ ಒಂದು ಸಂಜೆ ಹೋಗುತ್ತೆ.

ಪ್ರೆಸ್ಸಿನಕ್ಕ, ಗದಗ:
ಸಂಜೆ ಹೋಗಲಿ. ಫೆವಿಕಾಲ್ ಅಂಚಿನಲ್ಲಿ ಗುಂಡಗೆ ನಿಲ್ಲುತ್ತೆ, ಚೂಪಾದ ಗೆರೆ ಕೊಡುವುದಿಲ್ಲ. ಮಿಗ್-21ರ ಮುಂದಿನ ಗಾಜಿನ ಚೌಕಟ್ಟು ಈ ಅಳತೆಯಲ್ಲಿ ಒಂದು ಮಿಲಿಮೀಟರ್ ಕೂಡ ಬರುವುದಿಲ್ಲ. ಅಲ್ಲಿ ಅಂಚು ಸ್ವಲ್ಪ ಸೊಟ್ಟಾದರೂ ಇಡೀ ಮಾದರಿ ಆಟಿಕೆಯ ಹಾಗೆ ಕಾಣುತ್ತೆ.

ನನ್ನ ರೀತಿ ಹೀಗೆ. ಟೇಪನ್ನು ಒಂದು ಮಿಲಿಮೀಟರ್ ಅಗಲದ ಎಳೆಗಳಾಗಿ ಸೀಳಿ. ಚೌಕಟ್ಟಿನ ಅಂಚಿಗೆ ಸರಿಯಾಗಿ ಗಾಜಿನ ಸುತ್ತ ಎಳೆ ಕೂರಿಸಿ. ಹಲ್ಲುಕಡ್ಡಿಯ ತುದಿಯಿಂದ ಅಂಚು ಒತ್ತಿ. ಒತ್ತಿದ ಕಡೆ ಟೇಪಿನ ಹಳದಿ ಸ್ವಲ್ಪ ಗಾಢವಾಗುತ್ತೆ. ಬಣ್ಣ ಬದಲಾಗದ ಕಡೆ ಇನ್ನೂ ಗಾಳಿ ಇದೆ ಅಂತ ಅರ್ಥ. ನಡುವೆ ಉಳಿದ ಜಾಗಕ್ಕೆ ಬೇಕಾದರೆ ನಿಮ್ಮ ಫೆವಿಕಾಲ್ ತುಂಬಿ. ಆಮೇಲೆ ಮೊದಲು ಕಾಕ್‌ಪಿಟ್ ಒಳಗಿನ ಬಣ್ಣವನ್ನು ತೆಳುವಾಗಿ ಹೊಡೆಯಿರಿ. ಅದು ಟೇಪಿನ ಅಂಚನ್ನೂ ಮುಚ್ಚುತ್ತೆ, ಒಳಗಿನಿಂದ ನೋಡಿದಾಗ ಚೌಕಟ್ಟು ಸರಿಯಾದ ಬಣ್ಣದಲ್ಲೂ ಕಾಣುತ್ತೆ. ಅದರ ಮೇಲೆ ಬೆಳ್ಳಿ.

ಹಾವೇರಿ 48:
ಅಂಚಿಗೆ ಟೇಪು, ನಡುವೆ ಫೆವಿಕಾಲ್. ಸರಿ ಅಕ್ಕಾ, ಒಪ್ಪಿದೆ. ಚಕ್ರ ಮಡಚಿ ಕೂರುವ ಗುಂಡಿಗೆ ಮಾತ್ರ ಎರಡೂ ಬೇಡ. ನಲ್ಲಿಗೆ ಸುತ್ತುವ ಬಿಳಿ ಟೇಪಿದೆಯಲ್ಲ, ಪ್ಲಂಬರ್‌ಗಳದು, ಅದನ್ನು ಕಡ್ಡಿಯಿಂದ ತುರುಕಿ. ಅದರಲ್ಲಿ ಅಂಟೇ ಇಲ್ಲ, ಎಳೆದರೆ ಪೂರ್ತಿ ಆಚೆ ಬರುತ್ತೆ. ಹಾರ್ಡ್‌ವೇರ್ ಅಂಗಡಿಯಲ್ಲಿ 20-30 ರೂಪಾಯಿಗೆ ಸಿಗುತ್ತೆ.

ಬೆಟಗೇರಿ ಗೂಡು:
ಹಳೆ ಮಾದರಿಯನ್ನು ತೊಳೆದಿರಲಿಲ್ಲ ಅಕ್ಕಾ. ಪ್ರೈಮರೂ ಇರಲಿಲ್ಲ. ಇನ್ನೊಂದು ಕೇಳಬೇಕು. ಕಿಟ್ಟಿನ ಚಿತ್ರದಲ್ಲಿ ಮೂಗಿನ ಕೋನ್, ಬಾಲದ ತುದಿ ಹಸಿರು. ಬೆಳ್ಳಿ ಮೊದಲಾ, ಹಸಿರು ಮೊದಲಾ? ತಿಳಿ ಬಣ್ಣ ಮೊದಲು ಅಂತ ಎಲ್ಲರೂ ಹೇಳುತ್ತಾರಲ್ಲ.

ಪ್ರೆಸ್ಸಿನಕ್ಕ, ಗದಗ:
ನಾನಾದರೆ ಹಸಿರು ಮೊದಲು. ಸಣ್ಣ ಜಾಗ ಮುಚ್ಚುವುದು ಸುಲಭ. ಬೆಳ್ಳಿಯ ಮೇಲೆ ಟೇಪು ಹಚ್ಚಿದರೆ ಹೊಳಪು ಮಾಸಬಹುದು, ಬೆರಳಿನ ಗುರುತೂ ಬೀಳುತ್ತೆ. ಹಸಿರನ್ನು ಮುಚ್ಚಿ, ಬೆಳ್ಳಿಯ ಕೆಳಗೆ ಹೊಳೆಯುವ ಕಪ್ಪು ಹೊಡೆದು, ಕೊನೆಗೆ ಬೆಳ್ಳಿ.

ಸಾಧನಕೇರಿ ಮಳೆ, ಧಾರವಾಡ:
ಕಪ್ಪು ಪೂರ್ತಿ ಒಣಗಲು ಬಿಡಿ. ಮುಟ್ಟಿದರೆ ಅಂಟುವುದಿಲ್ಲ ಅಂದ ಮಾತ್ರಕ್ಕೆ ಒಣಗಿದೆ ಅಂತಲ್ಲ. ಅಕ್ರಿಲಿಕ್‌ಗೆ ಒಂದು ದಿನ, ಎನಾಮಲ್‌ಗೆ ಎರಡು ಮೂರು ದಿನ. ಆಷಾಢದ ಮಳೆಯಲ್ಲಿ ನಮ್ಮ ಧಾರವಾಡದಲ್ಲಿ ನಾನು ಲ್ಯಾಕರ್ ಬಣ್ಣ ಮುಟ್ಟುವುದೇ ಇಲ್ಲ. ಗಾಳಿಯ ತೇವಕ್ಕೆ ಬೆಳ್ಳಗೆ ಮಂಜು ಕವಿದ ಹಾಗೆ ಆಗುತ್ತೆ. ಫಿನ್ ಬೇಕಾದರೆ ಬಣ್ಣ ಆದ ಮೇಲೆ ಅಂಟಿಸಿ, ಆ ಮೂಲೆ ಉಜ್ಜುವ ತಾಪತ್ರಯವೇ ಇಲ್ಲ.

ಗದಗ ರೋಡ್ ಫಿಟ್ಟರ್, ಹುಬ್ಬಳ್ಳಿ:
ಅಂಟು ಪ್ಲಾಸ್ಟಿಕ್ ಕರಗಿಸಿ ಹಿಡಿಯುತ್ತೆ, ಬಣ್ಣದ ಮೇಲೆ ಹಿಡಿಯುವುದಿಲ್ಲ. ಹಾಗೆ ಮಾಡುವುದಾದರೆ ಕೂಡುವ ಜಾಗದ ಬಣ್ಣ ಕೆರೆಯಿರಿ. ಆದರೂ ನಾನು ಫಿನ್ ಮೊದಲೇ ಅಂಟಿಸಿ, ರೀಫಿಲ್ ಹಾಕಿ ಉಜ್ಜುತ್ತೇನೆ. ಇದರಲ್ಲಿ ನನ್ನ ಮನಸ್ಸು ಬದಲಾಗಲ್ಲ.

ಬೆಟಗೇರಿ ಗೂಡು:
ಮೂರು ವಾರ ಆಯ್ತು, ಹೇಳಬೇಕು ಅನಿಸಿತು. ಬಲರೆಕ್ಕೆಯ ನಾಲಿಗೆಯ ಮೇಲೆ ಹಾವೇರಿಯವರು ಹೇಳಿದ ಏರು ಇತ್ತು. ಕೆರೆದೆ, ಪಟ್ಟಿ ಕೂಡ ಬೇಕಾಗಲಿಲ್ಲ. ಎಡರೆಕ್ಕೆಯ ಹಳೆ ಪುಟ್ಟಿ ಕೆರೆದು ತೆಗೆದು, ಹೊಸದು ತುಂಬಿ ಒದ್ದೆ ಕಡ್ಡಿಯಿಂದ ಒರೆಸಿದೆ. ಈಗ ಎರಡೂ ಕಡೆ ಒಂದೇ ಸಣ್ಣ ಗೆರೆ. ಅಳಿಸಿಹೋದ ಪ್ಯಾನೆಲ್ ಗೆರೆಗಳನ್ನು ಸೂಜಿಯಿಂದ ಮತ್ತೆ ಕೊರೆದೆ, ದಪ್ಪ ಟೇಪಿನ ಅಂಚು ಹಿಡಿದುಕೊಂಡು. ಫಿನ್‌ಗೆ ರೀಫಿಲ್ಲೇ ಹಾಕಿದೆ ಫಿಟ್ಟರ್ ಅಣ್ಣ. ಹನ್ನೆರಡು ಸಲ ಎಳೆದೆ, ಮಾರ್ಕರ್ ಹಚ್ಚಿ ನೋಡಿದೆ, ಗೆರೆ ಇಲ್ಲ.

ನಿನ್ನೆ ರಾತ್ರಿ ಗಾಜಿನ ಟೇಪು ತೆಗೆದೆ. ಎಡಗಡೆಯ ಚೌಕಟ್ಟಿನ ಬುಡದಲ್ಲಿ ಸಾಸಿವೆ ಕಾಳಿನಷ್ಟು ಬೆಳ್ಳಿ ಒಳಗೆ ನುಗ್ಗಿದೆ. ಅಲ್ಲಿ ಟೇಪಿನ ಹಳದಿ ಗಾಢವಾಗಿರಲಿಲ್ಲ, ನೋಡಿಯೂ ಬಿಟ್ಟಿದ್ದೆ. ಉಳಿದ ಅಂಚೆಲ್ಲ ಬ್ಲೇಡಿನಲ್ಲಿ ಕೊಯ್ದ ಹಾಗಿದೆ. ಆ ಚುಕ್ಕೆಯನ್ನು ಗಾಜಿಗೆ ಗೀರು ಬೀಳದ ಹಾಗೆ ಹೇಗೆ ತೆಗೆಯಲಿ ಅಕ್ಕಾ?

ಪ್ರೆಸ್ಸಿನಕ್ಕ, ಗದಗ:
ಲೋಹದ್ದು ಏನೂ ತಾಗಿಸಬೇಡಿ. ಹಲ್ಲುಕಡ್ಡಿಯ ತುದಿಯನ್ನು ನೀರಲ್ಲಿ ಅದ್ದಿ ಮೆತ್ತಗೆ ಮಾಡಿ, ಚುಕ್ಕೆಯನ್ನು ಚೌಕಟ್ಟಿನಿಂದ ದೂರಕ್ಕೆ ತಳ್ಳಿ, ಚೌಕಟ್ಟಿನ ಕಡೆಗೆ ಅಲ್ಲ. ಗಾಜು ಮಂಕಾದರೆ ಬಟ್ಟೆಗೆ ಬಿಳಿ ಟೂತ್‌ಪೇಸ್ಟ್ ಹಚ್ಚಿ ಮೆಲ್ಲಗೆ ತಿಕ್ಕಿ, ಹೊಳಪು ಬರುತ್ತೆ. ಜೆಲ್ ಪೇಸ್ಟ್ ಬೇಡ.