ಹತ್ತು ತುಂಬಿದರೂ ಹಾಲುಹಲ್ಲು ಬಿದ್ದಿಲ್ಲ, ನೆತ್ತಿ ಕೂಡಿಲ್ಲ: ಇದೇನಿರಬಹುದು?

ಶಹಾಪುರದ ಸೋದರತ್ತೆ:
ನನ್ನ ತಮ್ಮನ ಮಗನ ವಿಷಯ. ಹತ್ತು ವರ್ಷವಾದರೂ ಹಾಲುಹಲ್ಲು ಹಾಗೆಯೇ ಇವೆ. ಖಡಕ್ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿಕೊಟ್ಟರೆ ಮಾತ್ರ ತಿನ್ನುತ್ತಾನೆ. ತಲೆಗೆ ಎಣ್ಣೆ ಹಚ್ಚುವಾಗ ನೆತ್ತಿಯಲ್ಲಿ ಬೆರಳಿಗೆ ಮೆತ್ತನೆಯ ತಗ್ಗು ಸಿಗುತ್ತದೆ. ಹಣೆ ಅಗಲ, ಎತ್ತರ ಓರಗೆಯವರಿಗಿಂತ ಕಡಿಮೆ. ಹೆಗಲು ಎಷ್ಟು ಇಳಿಜಾರೆಂದರೆ ಪಾಟಿಚೀಲದ ಪಟ್ಟಿಗಳು ಜಾರುತ್ತವೆ. ಎದೆಯ ಮೇಲೆ ಲಾಡಿ ಕಟ್ಟಿ ಕಳಿಸುತ್ತೇವೆ. ಎರಡೂ ಹೆಗಲನ್ನು ಮುಂದೆ ತಂದು ಗದ್ದದ ಕೆಳಗೆ ಕೂಡಿಸಬಲ್ಲ. ಓದಿನಲ್ಲಿ ಚುರುಕು. ಸುಣ್ಣದಂಶದ ಕೊರತೆ ಎಂದು ಔಷಧಿ ಕೊಡಿಸಿದ್ದಾಯಿತು, ಏನೂ ಬದಲಾಗಲಿಲ್ಲ. ಬಸುರಿಯಾಗಿದ್ದಾಗ ಗ್ರಹಣ ನೋಡಿದಳೆಂದು ಮನೆಯವರು ಅವನ ತಾಯಿಯನ್ನು ದೂರುತ್ತಾರೆ. ಅದನ್ನು ಕೇಳಲಾಗುವುದಿಲ್ಲ.

ಬೀದರಿನ ತಾಯಿ:
ಅಕ್ಕಾ, ಮೊದಲು ಎದೆಯ ಎಕ್ಸ್‌ರೇ ತೆಗೆಸಿ. ನನ್ನ ಮಗಳಿಗೂ ಇವೇ ಲಕ್ಷಣಗಳಿದ್ದವು. ಹಲ್ಲಿಗೆ ಒಬ್ಬರು, ಎತ್ತರಕ್ಕೆ ಇನ್ನೊಬ್ಬರು ಎಂದು ತೋರಿಸುತ್ತಿದ್ದೆವು. ಎಲ್ಲವನ್ನೂ ಒಟ್ಟಿಗೆ ನೋಡಿದವರಿರಲಿಲ್ಲ. ಕೆಮ್ಮಿಗೆಂದು ತೆಗೆದ ಎಕ್ಸ್‌ರೇಯಲ್ಲಿ ಕೊರಳೆಲುಬುಗಳ (ಹೆಗಲನ್ನು ಎದೆಗೆ ಜೋಡಿಸುವ ಮೂಳೆಗಳ) ಜಾಗದಲ್ಲಿ ಎದೆಯ ನಡುವಿನ ಬಳಿ ಬರೀ ಚಿಕ್ಕ ತುಂಡುಗಳು ಕಂಡವು. ಇದಕ್ಕೆ ಕ್ಲೈಡೋಕ್ರೇನಿಯಲ್ ಡಿಸ್‌ಪ್ಲೇಸಿಯಾ ಎನ್ನುತ್ತಾರೆ. ಸುಮಾರು 10 ಲಕ್ಷದಲ್ಲಿ ಒಬ್ಬರಿಗೆ ಬರುವಂಥದ್ದು. ಮೂಳೆ ಬೆಳೆಸುವ ರನ್‌ಎಕ್ಸ್‌2 ಎಂಬ ಜೀನ್‌ನಲ್ಲಿನ ದೋಷ ಇದಕ್ಕೆ ಕಾರಣ. ಬುದ್ಧಿಶಕ್ತಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಗ್ರಹಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಆ ತಾಯಿಗೆ ಇವತ್ತೇ ಹೇಳಿ. ಕಿವಿ ಸೋರುವುದು, ಸೈನಸ್ ತೊಂದರೆ ಇಂಥ ಮಕ್ಕಳಲ್ಲಿ ಹೆಚ್ಚು, ಆದ್ದರಿಂದ ಕಿವಿ ಕೇಳಿಸುವುದನ್ನೂ ಪರೀಕ್ಷೆ ಮಾಡಿಸಿ.

ದಂತವೈದ್ಯ, ಕಲಬುರಗಿ:
ಎಕ್ಸ್‌ರೇ ನೋಡದೆ ಖಚಿತವಾಗಿ ಹೇಳಲಾಗದು, ಆದರೆ ಅನುಮಾನ ಸರಿಯಾದ ದಿಕ್ಕಿನಲ್ಲಿದೆ. ದಯವಿಟ್ಟು ಹಾಲುಹಲ್ಲುಗಳನ್ನು ಕೀಳಿಸಿ ಸುಮ್ಮನೆ ಕಾಯಬೇಡಿ. ಇದರಲ್ಲಿ ಹಾಲುಹಲ್ಲು ಕಿತ್ತ ಮಾತ್ರಕ್ಕೆ ಶಾಶ್ವತ ಹಲ್ಲು ಬರುವುದಿಲ್ಲ. ಮಗು ಬೋಳು ಒಸಡಿನಲ್ಲೇ ಉಳಿಯುತ್ತದೆ. ದವಡೆಯೊಳಗೆ ಹೆಚ್ಚುವರಿ ಹಲ್ಲುಗಳು ದಾರಿಗೆ ಅಡ್ಡ ಕೂತಿರುತ್ತವೆ. ಇಡೀ ದವಡೆಯ ಓಪಿಜಿ ಎಕ್ಸ್‌ರೇ ತೆಗೆಸಿ. ಹೆಚ್ಚುವರಿ ಹಲ್ಲು ತೆಗೆದು, ಒಳಗಿರುವವುಗಳಿಗೆ ತಂತಿ ಹಾಕಿ ಹಂತಹಂತವಾಗಿ ಎಳೆಯಬೇಕಾಗುತ್ತದೆ. ದವಡೆಯ ಶಸ್ತ್ರಚಿಕಿತ್ಸಕರು, ತಂತಿ ಕಟ್ಟುವ ಆರ್ಥೊಡಾಂಟಿಸ್ಟ್ ಇಬ್ಬರೂ ಕೂಡಿ ಯೋಜನೆ ಮಾಡಬೇಕು. ವರ್ಷಗಟ್ಟಲೆ ಹಿಡಿಯುವ ಕೆಲಸ. ಹತ್ತು ವರ್ಷಕ್ಕೆ ಗಮನಕ್ಕೆ ಬಂದಿರುವುದು ಒಳ್ಳೆಯದೇ ಆಯಿತು.

ಶಹಾಪುರದ ಸೋದರತ್ತೆ:
ಇದನ್ನೆಲ್ಲ ಓದಿದ ಮೇಲೆ ತಮ್ಮನ ಹೆಗಲು ಕಣ್ಣಿಗೆ ಬಿತ್ತು. ಅವನದೂ ಹೀಗೆಯೇ ಇಳಿಜಾರು, ಮೂವತ್ತರೊಳಗೇ ಹಲ್ಲಿನ ಸೆಟ್ ಹಾಕಿಸಿಕೊಂಡವನು. ತಂದೆಯಿಂದ ಬಂದಿರಬಹುದೇ?

ಬೀದರಿನ ತಾಯಿ:
ಖಂಡಿತ ಬಂದಿರಬಹುದು. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ನಮ್ಮಿಬ್ಬರಲ್ಲಿ ಯಾರಿಗೂ ಇರಲಿಲ್ಲ, ಮಗಳಲ್ಲೇ ಹೊಸದಾಗಿ ಆಗಿದೆ. ತಮ್ಮನಿಗೂ ಎಕ್ಸ್‌ರೇ ತೆಗೆಸಿ. ಆನುವಂಶಿಕ ಸಲಹೆಗೆ ನಮ್ಮ ಕಡೆಯವರಿಗೆ ಬೆಂಗಳೂರಿಗಿಂತ ಹೈದರಾಬಾದಿನ ನಿಮ್ಸ್ ಆಸ್ಪತ್ರೆ ಹತ್ತಿರ. ನೆತ್ತಿ ಕೂಡುವವರೆಗೆ ತಲೆಗೆ ಪೆಟ್ಟು ಬೀಳುವ ಆಟಗಳಲ್ಲಿ ಹೆಲ್ಮೆಟ್ ಬೇಕೇ ಎಂದು ವೈದ್ಯರನ್ನು ಕೇಳಿ. ಓಟ, ಈಜು ಬಿಡಿಸಬೇಡಿ. ನನ್ನ ಮಗಳು ಕೊಕ್ಕೊ ಆಡುತ್ತಾಳೆ.